ವೃದ್ಧಾಶ್ರಮದಲ್ಲಿ ಸಂಜೆ ಭಜನೆ ಇಟ್ಟರೆ ಸಾಕಾ?

ಪ್ರಶ್ನೆ: ನಾನು ಕುಮಟಾ ಹತ್ತಿರದ ಒಂದು ವೃದ್ಧಾಶ್ರಮಕ್ಕೆ ವಾರಕ್ಕೆರಡು ಸಲ ಸೇವೆಗೆ ಹೋಗುತ್ತೇನೆ. ಇಪ್ಪತ್ತೈದು ಮಂದಿ ಇದ್ದಾರೆ, ಏಳೆಂಟು ಜನ ಹಾಸಿಗೆ ಬಿಟ್ಟು ಏಳುವುದಿಲ್ಲ. ಸಂಜೆ ಹಾಲ್‌ನಲ್ಲಿ ಭಜನೆ ಇರುತ್ತದೆ, ಟಿವಿಯಲ್ಲಿ ಪ್ರವಚನ ಹಾಕುತ್ತೇವೆ. ಕೆಲವರು ಖುಷಿಯಿಂದ ಬರುತ್ತಾರೆ. ಅರ್ಧ ಜನ ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಾರೆ. ಒಬ್ಬರು ಕ್ರಿಶ್ಚಿಯನ್ ಅಜ್ಜಿ, ಒಬ್ಬರು ಭಟ್ಕಳ ಕಡೆಯ ಮುಸ್ಲಿಂ ಅಜ್ಜ, ಮತ್ತೊಬ್ಬರು "ದೇವರೂ ಇಲ್ಲ ಎಂಥದೂ ಇಲ್ಲ" ಅನ್ನುವ ನಿವೃತ್ತ ಮಾಸ್ತರರು. ದಾನಿಯೊಬ್ಬರು ಹಾಲ್‌ನಲ್ಲಿ ದೇವರ ಮಂಟಪ ಕಟ್ಟಿಸಿ ದೊಡ್ಡ ಸ್ಪೀಕರ್ ಕೊಡಿಸುತ್ತೇನೆ ಅಂದಿದ್ದಾರೆ. ಇವರೆಲ್ಲರ ಮನಸ್ಸಿಗೆ ನೆಮ್ಮದಿ ಸಿಗಬೇಕಾದರೆ ನಾವು ನಿಜವಾಗಿ ಏನು ಮಾಡಬೇಕು?

ಉತ್ತರ: ಭಜನೆ ನಿಲ್ಲಿಸಬೇಡಿ. ಬರುವವರಿಗೆ ಅದು ಬೇಕು. ಆದರೆ ಗೋಡೆ ಕಡೆ ಮುಖ ಮಾಡಿದವರನ್ನು ಭಕ್ತಿ ಇಲ್ಲದವರು, ಹಟಮಾರಿಗಳು ಅಂತ ಎಣಿಸುವ ಮೊದಲು ಒಂದೆರಡು ಸಣ್ಣ ಸಂಗತಿ ನೋಡಿ. ಅವರಿಗೆ ಕಿವಿ ಕೇಳುತ್ತದಾ? ಕಿವಿ ಮಂದವಾದವರಿಗೆ ತಾಳ, ಹಾರ್ಮೋನಿಯಂ, ಮೈಕು ಎಲ್ಲ ಸೇರಿ ಬರೀ ಗದ್ದಲ. ಎಷ್ಟೋ ಸಲ ಕಿವಿಯಲ್ಲಿ ಗುಗ್ಗೆ ಕಟ್ಟಿರುತ್ತದೆ, ಇಲ್ಲಾ ಶ್ರವಣ ಯಂತ್ರದ ಸೆಲ್ ಮುಗಿದು ತಿಂಗಳಾಗಿರುತ್ತದೆ, ಯಾರೂ ನೋಡಿರುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂದು ತಾಸು ಕೂತರೆ ಸೊಂಟ ಹಿಡಿಯುತ್ತದೆ. ಇನ್ನೂ ಕೆಲವರಿಗೆ ಎಲ್ಲರ ಎದುರು ಮೂತ್ರ ಹೋಗಿಬಿಟ್ಟರೆ ಎನ್ನುವ ಹೆದರಿಕೆ. ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. "ನನಗೆ ಬ್ಯಾಡ" ಅಂದು ತಿರುಗಿ ಮಲಗುತ್ತಾರೆ, ಅಷ್ಟೇ.

ನಾನು ಶಿರಸಿ, ಕುಮಟಾ, ಕಾರವಾರ ಕಡೆ ಹಾಸಿಗೆ ಹಿಡಿದವರ ಮನೆಗಳಿಗೂ ಇಂಥ ಆಶ್ರಮಗಳಿಗೂ ಹೋಗುವ ನರ್ಸ್. ನಮ್ಮ ಕೆಲಸಕ್ಕೆ ಉಪಶಮನ ಆರೈಕೆ ಅನ್ನುತ್ತಾರೆ, ಅಂದರೆ ದೊಡ್ಡ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವುದು. ಇದಕ್ಕೆ ಇವತ್ತಿನ ರೂಪ ಕೊಟ್ಟವರು ಸಿಸಿಲಿ ಸಾಂಡರ್ಸ್. ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಆಮೇಲೆ ಡಾಕ್ಟರ್ ಆದ ಹೆಂಗಸು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ (ಸಾವು ಹತ್ತಿರ ಬಂದವರ ಆರೈಕೆಯ ಜಾಗ) ಶುರು ಮಾಡಿದರು. ರೋಗಿಯ ನೋವು ಬರೀ ಮೈಯದಲ್ಲ, ಮನಸ್ಸಿನದು, ಮನೆಜನರದು, ನಂಬಿಕೆಯದು ಎಲ್ಲ ಒಂದರೊಳಗೊಂದು ಹೆಣೆದುಕೊಂಡಿರುತ್ತದೆ ಎನ್ನುವುದು ಅವರು ಕಂಡುಕೊಂಡ ಮಾತು. ಇದನ್ನು ನಾನು ದಿನಾ ನೋಡುತ್ತೇನೆ. ಮಂಡಿನೋವಿಗೆ ಮಾತ್ರೆ ಕೊಟ್ಟರೂ ಇಳಿಯದ್ದು ಮಗನ ಫೋನು ಬಂದ ದಿನ ಇಳಿದಿರುತ್ತದೆ. ಇದರ ಉಲ್ಟಾನೂ ಹೌದು, ಮೈ ನೋವಿಗೆ ಸರಿಯಾದ ಔಷಧಿ ಕೊಡದೆ "ರಾಮ ರಾಮ ಅನ್ನಿ ಅಜ್ಜಿ" ಅನ್ನುವುದು ಕ್ರೂರತನ. ಮೊದಲು ಔಷಧಿ ಕೊಡಿ.

ಹಾಗಾದರೆ ಯಾರಿಗೆ ಏನು ಬೇಕು ಅಂತ ತಿಳಿಯುವುದು ಹೇಗೆ? ಕೇಳಬೇಕು. ಅಮೆರಿಕದ ಡಾಕ್ಟರ್ ಕ್ರಿಸ್ಟಿನಾ ಪುಚಾಲ್ಸ್ಕಿ 1996ರಲ್ಲಿ ಸಹೋದ್ಯೋಗಿಗಳ ಜೊತೆ ಸೇರಿ ಇದಕ್ಕೆ ನಾಲ್ಕು ಪ್ರಶ್ನೆಗಳ ಒಂದು ಕ್ರಮ ಮಾಡಿದರು. ಫಿಕಾ ಅನ್ನುತ್ತಾರೆ. ನಂಬಿಕೆ ಯಾವುದು, ಅದು ಬದುಕಿನಲ್ಲಿ ಎಷ್ಟು ಮುಖ್ಯ, ಜೊತೆಗೆ ಯಾರಿದ್ದಾರೆ, ನಾವು ಏನು ಮಾಡಬೇಕು ಅಂತ. ಫಾರ್ಮ್ ಹಿಡಿದುಕೊಂಡು "ನಿಮ್ಮ ಧರ್ಮ ಯಾವುದು" ಅಂತ ಶುರು ಮಾಡಿದರೆ ನಮ್ಮ ಕಡೆ ಹಿರಿಯರು ಜಾತಿ ಕೇಳಲು ಬಂದಿದ್ದಾರೆ ಅಂತಲೇ ತಿಳಿಯುತ್ತಾರೆ. ಅದಕ್ಕೇ ನಾನು ತಲೆಗೆ ಎಣ್ಣೆ ಹಚ್ಚುವಾಗ, ಕಾಲು ನೀವುವಾಗ ಸುಮ್ನೆ ಮಾತಿಗೆ ಮಾತು ತೆಗೆಯುತ್ತೇನೆ. "ಆಗೆಲ್ಲ ಕಷ್ಟ ಬಂದಾಗ ಯಾರನ್ನು ನೆನೆಸಿಕೊಳ್ತಿದ್ರಿ ಆಯಿ?" "ಬೆಳಿಗ್ಗೆ ಎದ್ದು ಮೊದಲು ಎಂತ ಮಾಡ್ತಿದ್ರಿ?" "ಈಗ ಅದು ತಪ್ಪಿ ಹೋಗಿದೆಯಾ?" ಕೇಳಿ ಸುಮ್ಮನಿರಬೇಕು. ನಮಗೆ ಸುಮ್ಮನಿರುವುದೇ ಬರುವುದಿಲ್ಲ. ಎರಡು ನಿಮಿಷ ಮಾತು ನಿಂತರೆ ಸಾಕು, ಚಹಾ ಕುಡಿದ್ರಾ ಅಂತ ಬಾಯಿ ಹಾಕುತ್ತೇವೆ.

ಕಾರವಾರ ಕಡೆಯ ಒಬ್ಬ ಮೀನುಗಾರ ಅಜ್ಜಿಯ ಕತೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ಭಜನೆಗೆ ಬರುತ್ತಿರಲಿಲ್ಲ, ಊಟಕ್ಕೆ ಕೂತರೆ ಎರಡು ತುತ್ತು. ಆಶ್ರಮದಲ್ಲಿ ಸಸ್ಯಾಹಾರ ಮಾತ್ರ. ಬಾಂಗಡೆ ಸಾರಿಲ್ಲದೆ ಅನ್ನ ಇಳಿಯುತ್ತಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ಅದೂ ಒಂದು ಕಾರಣವೇ, ಸುಳ್ಳಲ್ಲ. ಆದರೆ ಜುಲೈ ಕೊನೆಯಲ್ಲಿ ದಿನಾ ಕೇಳುತ್ತಿದ್ದದ್ದು ಒಂದೇ, ಬೋಟು ಇಳಿದ್ವಾ ಅಂತ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ಬಂದ್ ಅಲ್ವಾ. ಆಮೇಲೆ ನೂಲಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಕೊಡುವುದಿದೆ. ಗಂಡ ಹೋದ ಮೇಲೂ ಅದನ್ನು ಆಕೆ ಬಿಟ್ಟಿರಲಿಲ್ಲ, ಆಶ್ರಮಕ್ಕೆ ಬಂದ ಮೇಲೆ ತಪ್ಪಿತ್ತು. ಸಮುದ್ರಕ್ಕೆ ಕೊಡದೆ ಉಣ್ಣುವುದು ಹೇಗೆ ಎನ್ನುವುದು ಅವಳ ಸಂಕಟ. ಅಲ್ಲಿನ ಒಬ್ಬ ಆಯಾ ತನ್ನ ಮಗನ ಹತ್ತಿರ ಹೇಳಿದಳು. ಕಾಯಿಯನ್ನು ಅಜ್ಜಿಯ ಕೈಯಿಂದ ಮುಟ್ಟಿಸಿ ಕೊಂಡುಹೋದ, ಅವಳ ಹೆಸರು ಹೇಳಿ ಬಿಟ್ಟ, ಮೊಬೈಲಿನಲ್ಲಿ ವಿಡಿಯೋ ತಂದು ತೋರಿಸಿದ. ಅಜ್ಜಿ ವಿಡಿಯೋ ನೋಡಿ ಮೊದಲು ಬೈದಳು, ಇಷ್ಟು ದಡದಲ್ಲಿ ಬಿಟ್ಟರೆ ಅಲೆ ವಾಪಸ್ ತರುತ್ತದೆ ಅಂತ. ಆ ದಿನ ಉಂಡಳು. ಖರ್ಚು ಒಂದು ಕಾಯಿ.

ಇಲ್ಲಿ ಕೆಲಸ ಮಾಡಿದ್ದು ಆಯಾ. ನೀವು ಯಾವ ಸ್ವಾಮಿಗಳನ್ನು ಕರೆಸಬೇಕು, ಯಾರಿಂದ ಪ್ರವಚನ ಮಾಡಿಸಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ಮೈ ತೊಳೆಸುವವರು, ಚಹಾ ಕೊಡುವವರು, ರಾತ್ರಿ ಪಾಳಿಯವರು, ಇವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಮ್ಯಾನೇಜರ್ ಹತ್ತಿರ ಮಾತಾಡಿ, ಪ್ರತಿ ಆಯಾಗೆ ಮೂರು ನಾಲ್ಕು ಜನರನ್ನು ಹಚ್ಚಿಕೊಡಲಿಕ್ಕೆ ಹೇಳಿ, ಅವರ ಹತ್ತಿರ ದಿನಕ್ಕೆ ಹತ್ತು ನಿಮಿಷ ಕೂತು ಮಾತಾಡುವುದನ್ನೂ ಕೆಲಸ ಅಂತಲೇ ಲೆಕ್ಕ ಹಿಡಿಯಲಿ. ಈಗ ಏನಾಗುತ್ತದೆ ಅಂದರೆ ಹಾಗೆ ಕೂತವಳನ್ನು "ಹರಟೆ ಹೊಡೀತಾ ಕೂತಿದ್ದೀಯಾ" ಅಂತ ಎಬ್ಬಿಸುತ್ತಾರೆ.

ಮಾಸ್ತರರ ವಿಷಯ. ಅವರನ್ನು ದೇವರ ಕಡೆ ತಿರುಗಿಸುವ ಪ್ರಯತ್ನ ದಯವಿಟ್ಟು ಮಾಡಬೇಡಿ. ದೇವರನ್ನು ನಂಬದವರಿಗೂ ಬದುಕಿಗೆ ಅರ್ಥ ಬೇಕು, ಯಾರಿಗಾದರೂ ತಾನು ಬೇಕು ಅನ್ನಿಸಬೇಕು. ಅಷ್ಟೂ ಸೇರಿಯೇ ಇದಕ್ಕೆ ಆಧ್ಯಾತ್ಮಿಕ ಆರೈಕೆ ಅನ್ನುವುದು. ನಮ್ಮ ಜಿಲ್ಲೆಯ ಮಾಸ್ತರರು ಅಂದರೆ ನೂರಕ್ಕೆ ಎಂಬತ್ತು ಪಾಲು ಯಕ್ಷಗಾನದ ಹುಚ್ಚು ಇದ್ದೇ ಇರುತ್ತದೆ (ಇದು ನನ್ನ ಅಂದಾಜು, ಯಾರೂ ಲೆಕ್ಕ ಹಾಕಿಲ್ಲ). ಒಂದು ತಾಳಮದ್ದಳೆ ಇಡಿಸಿ ನೋಡಿ. ಕರ್ಣ ಮಾಡಿದ್ದು ಸರಿಯಾ ತಪ್ಪಾ ಅಂತ ಅವರನ್ನು ಕೆಣಕಿ. ಸಾವು, ಋಣ, ತಾಯಿ ಕೈಬಿಟ್ಟದ್ದು, ಸ್ನೇಹ, ಎಲ್ಲವೂ ಅದರಲ್ಲಿ ಬರುತ್ತದೆ. ನೇರವಾಗಿ ಕೇಳಿದ್ದರೆ ಹೇಳದ ಮಾತನ್ನು ಕರ್ಣನ ಬಾಯಲ್ಲಿ ಹೇಳುತ್ತಾರೆ. ಅವರ ಹಳೇ ವಿದ್ಯಾರ್ಥಿ ಯಾರಾದರೂ ಊರಲ್ಲಿದ್ದರೆ ಒಮ್ಮೆ ಕರೆತನ್ನಿ.

ಕ್ರಿಶ್ಚಿಯನ್ ಅಜ್ಜಿ ಕ್ಯಾಥೊಲಿಕ್ ಆಗಿದ್ದರೆ ಅವರ ಚರ್ಚು ಯಾವುದು ಅಂತ ಕೇಳಿ ಆ ಚರ್ಚಿನ ಪಾದ್ರಿಗೆ ಫೋನ್ ಮಾಡಿ. 1976ರಿಂದ ಕಾರವಾರವೇ ಬೇರೆ ಧರ್ಮಪ್ರಾಂತ್ಯ, ಈ ಕರಾವಳಿಯುದ್ದಕ್ಕೂ ಚರ್ಚುಗಳಿವೆ. ಹಾಸಿಗೆ ಹಿಡಿದವರಿಗೆ ಅವರಿದ್ದಲ್ಲಿಗೇ ಬಂದು ಪರಮಪ್ರಸಾದ (ಚರ್ಚಿನ ಪೂಜೆಯಲ್ಲಿ ಕೊಡುವ ತೆಳು ರೊಟ್ಟಿ) ಕೊಡುತ್ತಾರೆ. ರೋಗಿಗಳಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ ಕೊನೇ ಉಸಿರಿನವರಿಗೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ, ಹಾಗಲ್ಲ. ಕಾಯಿಲೆ ಜೋರಾದಾಗ, ವಯಸ್ಸಾಗಿ ತೀರಾ ಸೋತಾಗಲೂ ಕೊಡುತ್ತಾರೆ, ಮತ್ತೆ ಕಾಯಿಲೆ ಹೆಚ್ಚಿದರೆ ಇನ್ನೊಮ್ಮೆ ಕೊಡಬಹುದು. ಪ್ರಜ್ಞೆ ಇರುವಾಗಲೇ ಕರೆಸಿದರೆ ಅಜ್ಜಿಗೂ ಮಾತಾಡಲು ಆಗುತ್ತದೆ. ಸಂಜೆ ನಿಮ್ಮ ಭಜನೆ ಹೊತ್ತಿಗೇ ಅವರ ತೇರ್ಸ್, ಅಂದರೆ ಜಪಸರ ಹಿಡಿದು ಮಾಡುವ ಪ್ರಾರ್ಥನೆಯ ಹೊತ್ತೂ ಆಗಿರಬಹುದು. ಜಪಸರ ಎಲ್ಲಿದೆ ಕೇಳಿ. ಎಷ್ಟೋ ಸಲ ಅದು ಬಟ್ಟೆ ಗಂಟಿನಲ್ಲಿ, ಮಂಚದ ಅಡಿಗೆ ಬಿದ್ದಿರುತ್ತದೆ. ಕೊಂಕಣಿ ಬರುವ ಆಯಾ ಒಬ್ಬಳು ಜೊತೆಗೆ ಕೂತರೆ ಇನ್ನೂ ಒಳ್ಳೆಯದು. ಪ್ರಾರ್ಥನೆ ಬಾಯಿಗೆ ಬರುವುದು ಚಿಕ್ಕಂದಿನ ಭಾಷೆಯಲ್ಲಿ.

ಭಟ್ಕಳದ ಅಜ್ಜನಿಗೆ ಮೊದಲು ಮಂಚದ ದಿಕ್ಕು ನೋಡಿ. ನಮ್ಮ ಕಡೆಯಿಂದ ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ದಿಕ್ಕು, ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿ, ಹೆಚ್ಚುಕಡಿಮೆ ಸಮುದ್ರದ ಕಡೆಗೇ ಬರುತ್ತದೆ. ನಿಲ್ಲಲು ಆಗದವರು ಕೂತು, ಕೂರಲು ಆಗದವರು ಮಲಗಿಯೇ ಸನ್ನೆಯಲ್ಲಿ ನಮಾಜ್ ಮಾಡಬಹುದು. ನೀರು ಮುಟ್ಟಲು ಆಗದ ರೋಗಿಗೆ ನೀರಿಲ್ಲದ ಶುದ್ಧಿಯೂ ಇದೆ, ತಯಮ್ಮುಮ್ ಅನ್ನುತ್ತಾರೆ. ಇದೆಲ್ಲ ಅವರಿಗೇ ಗೊತ್ತಿರುತ್ತದೆ. ಆದರೆ ಮೂತ್ರದ ನಳಿಗೆ ಹಾಕಿಸಿಕೊಂಡವರು "ನಾನಿನ್ನು ನಮಾಜಿಗೆ ಯೋಗ್ಯನಲ್ಲ" ಅಂತ ಒಳಗೊಳಗೇ ಕೊರಗುವುದನ್ನು ನೋಡಿದ್ದೇನೆ. ಆಗ ನೀವು ನಾನು ಸಮಾಧಾನ ಹೇಳಿದರೆ ಬೆಲೆ ಇಲ್ಲ. ಅವರ ಮಸೀದಿಯ ಇಮಾಮರು ಬಂದು ಒಂದು ಮಾತು ಹೇಳಿದರೆ ಬೇರೆಯೇ. ರಂಜಾನ್ ಬರುವ ಮೊದಲೇ ಡಾಕ್ಟರ್ ಹಾಗೂ ಇಮಾಮರು ಇಬ್ಬರ ಹತ್ತಿರವೂ ಉಪವಾಸದ ಮಾತಾಡಿಸಿ. ವಾಸಿಯಾಗದ ಕಾಯಿಲೆಯವರು, ತೀರಾ ವಯಸ್ಸಾದವರು ಉಪವಾಸದ ಬದಲು ಬಡವರಿಗೆ ಊಟ ಕೊಡುವ ಕ್ರಮ ಇದೆ.

ಇನ್ನು ಉಳಿದವರೆಲ್ಲ ಹಿಂದೂಗಳು, ಅವರಿಗೆ ಭಜನೆ ಸಾಕು ಅನ್ನುತ್ತೀರಾ? ಇದೇ ದೊಡ್ಡ ತಪ್ಪು ತಿಳಿವಳಿಕೆ. ಹವ್ಯಕರ ಅಜ್ಜನಿಗೆ ಬೇಕಾದದ್ದು ಸಂಧ್ಯಾವಂದನೆಗೆ ಒಂದು ಲೋಟ ನೀರು ಮತ್ತು ಹದಿನೈದು ನಿಮಿಷ ಯಾರೂ ಮೈ ಮುಟ್ಟದೆ ಬಿಡುವುದು ಇರಬಹುದು. ಹಾಲಕ್ಕಿ ಅಜ್ಜಿಗೆ ಭಜನೆಯ ಸಾಲು ಒಂದೂ ಗೊತ್ತಿಲ್ಲದಿರಬಹುದು. ಬೀಸುವ, ನೆಟ್ಟಿ ಮಾಡುವ ಹಾಡು ಮಾತ್ರ ರಾತ್ರಿಯಿಡೀ ಬರುತ್ತದೆ. ಸುಗ್ಗಿ ಬಂದರೆ ಕೈಕಾಲು ಆಡಿಸುತ್ತಾಳೆ. ಶಿರಸಿ ಕಡೆಯವರಿಗೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ತಪ್ಪಿತಲ್ಲ ಎನ್ನುವ ಕೊರಗು. ಚೌತಿಗೆ ಎಲ್ಲರೂ ಕಾಯುತ್ತಾರೆ, ಆಗ ಎಲ್ಲರೂ ಸೇರಿ ಚಕ್ಕುಲಿ ಮಾಡುವ ಚಕ್ಕುಲಿ ಕಂಬಳಕ್ಕೆ ಕೈ ಆಡುವ ಅಜ್ಜಿಯರನ್ನೂ ಕೂರಿಸಿ, ಹೊರಗಿನಿಂದ ಪ್ಯಾಕೆಟ್ ತಂದು ಹಂಚಬೇಡಿ.

ಮಡಿ ಮೈಲಿಗೆ ನಂಬಿ ಬದುಕಿದವರಿಗೆ ಡೈಪರ್ ಹಾಕಿಸಿಕೊಳ್ಳುವುದು ಎಂಥ ಹಿಂಸೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ದೇವರ ಪಟ ತಲೆಹತ್ತಿರ ಇಟ್ಟರೆ "ತೆಗಿರಿ, ನಾನು ಹೊಲಸಾಗಿದ್ದೇನೆ" ಅಂತ ಅಳುತ್ತಾರೆ. ಒತ್ತಾಯ ಬೇಡ. ಬೆಳಿಗ್ಗೆ ಮೈ ಒರೆಸಿ, ಡೈಪರ್ ಬದಲಿಸಿ, ತೊಳೆದ ಸೀರೆ ಉಡಿಸಿದ ಕೂಡಲೇ ಐದು ನಿಮಿಷ ಪಟ ತೋರಿಸಿ, ಕೈಗೊಂದು ಹೂವು ಕೊಡಿ. ಹೊತ್ತು ಸರಿಯಾಗಿ ಹಿಡಿದರೆ ಒಪ್ಪುತ್ತಾರೆ. ಜನಿವಾರ, ಕರಿಮಣಿ, ತಾಯಿತ, ಜಪಸರ, ಇವನ್ನು ಕೇಳದೆ ಕತ್ತರಿಸಬಾರದು. ಇಸಿಜಿ ತೆಗೆಯುವಾಗ ಅಡ್ಡ ಬಂತು ಅಂತ ಜನಿವಾರಕ್ಕೆ ಕತ್ತರಿ ಹಾಕಿದ್ದನ್ನು ಕಂಡಿದ್ದೇನೆ. ಪಕ್ಕಕ್ಕೆ ಸರಿಸಿದ್ದರೆ ಸಾಕಿತ್ತು.

ಒಂದಿಷ್ಟು ಎಚ್ಚರಿಕೆ. ಪಾರ್ಶ್ವವಾಯು ಆದವರು, ನುಂಗುವಾಗ ಕೆಮ್ಮುವವರಿಗೆ ಒಂದು ಚಮಚ ತೀರ್ಥವೂ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಹತ್ತಿ ಅದ್ದಿ ತುಟಿ ಒದ್ದೆ ಮಾಡಿದರೆ ಸಾಕು. ಪರಮಪ್ರಸಾದಕ್ಕೂ ಇದೇ ಮಾತು, ಸಣ್ಣ ಚೂರು ಕೊಡಿ ಅಂತ ಪಾದ್ರಿಗೆ ಮೊದಲೇ ತಿಳಿಸಿ. ಆಮ್ಲಜನಕ ಹಚ್ಚಿದ ಕೋಣೆಯಲ್ಲಿ ದೀಪ, ಕರ್ಪೂರ, ಮೇಣದಬತ್ತಿ, ಊದಿನಕಡ್ಡಿ ಯಾವುದೂ ಬೇಡವೇ ಬೇಡ. ಬೆಂಕಿ ಹತ್ತಿದರೆ ಎಬ್ಬಿಸಿ ಓಡಿಸಲು ಆಗದವರು ಅವರು. ಸೆಲ್ ಹಾಕುವ ದೀಪ ಸಿಗುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಏಕಾದಶಿ ಅಂತ ಹೇಳದೆ ಊಟ ಬಿಟ್ಟರೆ ಸಕ್ಕರೆ ಇಳಿದು ಎಚ್ಚರ ತಪ್ಪುತ್ತಾರೆ. ಏಕಾದಶಿ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

ದಾನಿಗಳ ಮಂಟಪದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಬೇಡ. ಹಾಲ್ ಎಲ್ಲರದ್ದು, ಅದರ ನಡುವೆ ಒಂದೇ ಮಂಟಪ ಬಂದರೆ ಕ್ರಿಶ್ಚಿಯನ್ ಅಜ್ಜಿ, ಭಟ್ಕಳದ ಅಜ್ಜ, ಮಾಸ್ತರರು ಮೂವರಿಗೂ ಅದು ತಮ್ಮ ಜಾಗವಲ್ಲ ಅನ್ನಿಸುತ್ತದೆ. ಅದರ ಬದಲು ಪ್ರತಿ ಮಂಚದ ಹತ್ತಿರ ಮಲಗಿದವರ ಕಣ್ಣಿಗೆ ಬೀಳುವ ಎತ್ತರದಲ್ಲಿ ಒಂದು ಸಣ್ಣ ಹಲಗೆ ಹೊಡೆಸಿ. ಇಡಗುಂಜಿ ಗಣಪತಿಯೋ ಮೇರಿ ಮಾತೆಯೋ ತೀರಿಹೋದ ಗಂಡನ ಫೋಟೋವೋ, ಅವರಿಗೆ ಬೇಕಾದ್ದು ಅವರು ಇಟ್ಟುಕೊಳ್ಳಲಿ. ಸ್ಪೀಕರ್ ಬದಲು ನಾಲ್ಕು ಹೆಡ್‌ಫೋನ್ ಕೊಡಿಸಿ. ಉಳಿದ ದುಡ್ಡಿನಲ್ಲಿ ಕಿವಿ ಪರೀಕ್ಷೆ, ಮತ್ತೆ ಒಂದು ಓಮ್ನಿ ಬಾಡಿಗೆ ಹಿಡಿದು ಇಬ್ಬಿಬ್ಬರನ್ನಾಗಿ ಅವರವರ ಊರ ದೇವಸ್ಥಾನಕ್ಕೆ, ಚರ್ಚಿಗೆ, ಮಸೀದಿಗೆ ಕರೆದುಕೊಂಡು ಹೋಗಿ ಬನ್ನಿ. ದಾನಿಗಳ ಹೆಸರಿನ ಫಲಕಕ್ಕೆ ಜಾಗ ಸಿಗುವುದಿಲ್ಲ, ಅದೊಂದು ಕಷ್ಟ ಇದೆ. ಹಾಗೆಯೇ ಹೊರಗಿನಿಂದ ಯಾರು ಬಂದರೂ, ಯಾವ ಧರ್ಮದವರೇ ಆದರೂ, ಒಂದು ನಿಯಮ ಇಡಿ: ಕೇಳಿದವರಿಗೆ ಮಾತ್ರ ಪ್ರಾರ್ಥನೆ, ಮತಪ್ರಚಾರ ಇಲ್ಲ, ಹಾಸಿಗೆಯಲ್ಲಿರುವವರ ಫೋಟೋ ಇಲ್ಲ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. "ನಾನು ಎಂಥ ಪಾಪ ಮಾಡಿದ್ದೆ, ಮಕ್ಕಳು ಇಲ್ಲಿ ತಂದು ಬಿಟ್ಟರು?" ಈ ಪ್ರಶ್ನೆ ನಿಮಗೆ ಬಂದೇ ಬರುತ್ತದೆ. ಹಿಂದಿನ ಜನ್ಮದ ಕರ್ಮ ಅನ್ನಬೇಡಿ. ಎಲ್ಲ ದೇವರ ಇಚ್ಛೆ ಅನ್ನಬೇಡಿ. ಮಕ್ಕಳನ್ನು ಬೈಯಲೂ ಬೇಡಿ, ಮಾರನೇ ದಿನ ಅದೇ ಮಗ ಬಂದರೆ ಅವರಿಗೆ ನಿಮ್ಮ ಮುಖ ನೋಡಲು ಕಷ್ಟ. "ಯಾಕೆ ಹಾಗನ್ನಿಸ್ತು?" ಅಂತ ಕೇಳಿ. ಆಗ ನಿಜವಾದ ಮಾತು ಹೊರಗೆ ಬರುತ್ತದೆ. ಅತ್ತೆಯನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಎನ್ನುವುದು, ತಮ್ಮನ ಜೊತೆ ಅಡಿಕೆ ತೋಟದ ಪಾಲಿಗೆ ಕೋರ್ಟಿಗೆ ಹೋದದ್ದು, ಸತ್ತ ಮಗುವೊಂದರ ಹೆಸರು. ಮುದುಕರು ಹಳೇ ಕತೆ ಮತ್ತೆ ಮತ್ತೆ ಹೇಳುವುದು ಅರಳುಮರಳಲ್ಲ, ಬದುಕಿನ ಲೆಕ್ಕ ಸರಿಮಾಡಿಕೊಳ್ಳುವ ಕೆಲಸ ಅಂತ ರಾಬರ್ಟ್ ಬಟ್ಲರ್ ಎನ್ನುವ ಮನೋವೈದ್ಯರು 1963ರಲ್ಲೇ ಬರೆದರು. ಕೇಳುವವರು ಬೇಕು, ಅಷ್ಟೇ. ಕೆಲವಕ್ಕೆ ದಾರಿಯೂ ಇರುತ್ತದೆ. ತಮ್ಮನಿಗೆ ಒಂದು ಫೋನು. ಗಂಡನ ಶ್ರಾದ್ಧ ಮೂರು ವರ್ಷದಿಂದ ನಿಂತಿದೆ ಎಂಬ ಕೊರಗಾದರೆ, ಗೋಕರ್ಣ ಪಕ್ಕದಲ್ಲೇ ಇದೆ. ದೂರದೂರದಿಂದ ಜನ ಪಿತೃಕಾರ್ಯಕ್ಕೆ ಅಲ್ಲಿಗೇ ಬರುತ್ತಾರೆ, ಮನೆಯವರ ಹತ್ತಿರ ಮಾತಾಡಿ ಅಲ್ಲಿನ ಭಟ್ಟರ ಮೂಲಕ ವ್ಯವಸ್ಥೆ ಮಾಡಿಸಬಹುದು. ಕೇಳಿದ ಗುಟ್ಟು ಮಾತ್ರ ನಿಮ್ಮಲ್ಲೇ ಇರಲಿ.

ನೆನಪು ಕಳೆದುಕೊಂಡವರನ್ನು ಬಿಡಬೇಡಿ. ಮಗಳ ಹೆಸರು ಮರೆತವರು ಚಿಕ್ಕಂದಿನ ಸ್ತೋತ್ರ, ಹಾಡು ಪೂರ್ತಿ ಹೇಳುವುದುಂಟು. ನೀವು ಮೊದಲ ಸಾಲು ಶುರು ಮಾಡಿ, ಕೈ ಹಿಡಿದುಕೊಳ್ಳಿ.

ಎಲ್ಲವೂ ಆತ್ಮದ ವಿಷಯ ಅಲ್ಲ, ಇದನ್ನೂ ಹೇಳಬೇಕು. ನಿನ್ನೆ ಸರಿಯಿದ್ದವರು ಇವತ್ತು ಇದ್ದಕ್ಕಿದ್ದಂತೆ ಸತ್ತವರ ಜೊತೆ ಮಾತಾಡತೊಡಗಿದರೆ, ಗುರುತು ಹಿಡಿಯದಿದ್ದರೆ, ದೃಷ್ಟಿ ತಾಗಿದೆ ಅಂತ ನೋಟ ಕೇಳಿಸಲು ಓಡಬೇಡಿ. ಮೂತ್ರದ ಸೋಂಕು, ನೀರು ಕಡಿಮೆಯಾಗಿದ್ದು, ರಕ್ತದಲ್ಲಿ ಸೋಡಿಯಂ ಇಳಿದದ್ದು, ಹೊಸ ಮಾತ್ರೆ, ಮಲಬದ್ಧತೆ ಯಾವುದೂ ಇರಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ. ಆದರೆ ಸಾವು ಹತ್ತಿರ ಬಂದವರು ಶಾಂತವಾಗಿ "ಅಪ್ಪ ಬಂದು ಕೂತಿದ್ದಾರೆ" ಅಂದರೆ ವಾದ ಮಾಡಬೇಡಿ, "ಏನಂತಾರೆ?" ಅಂತ ಕೇಳಿ. "ದೇವರು ಕರೆಸಿಕೊಂಡರೆ ಸಾಕು" ಎನ್ನುವುದು ನಮ್ಮ ಹಿರಿಯರ ಮಾಮೂಲಿ ಮಾತು. ಅದರ ಜೊತೆ ಊಟ, ನಿದ್ದೆ, ಮಾತು ಬಿಟ್ಟರೆ, ಮಾತ್ರೆ ಕೂಡಿಡುತ್ತಿದ್ದರೆ, ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಕನ್ನಡದಲ್ಲೂ ಸಿಗುತ್ತದೆ. ಯಾರಾದರೂ ಹೊಡೆಯುವುದು, ಆಸ್ತಿಗೆ ಪೀಡಿಸುವುದು ಗೊತ್ತಾದರೆ ಹಿರಿಯರ ಸಹಾಯವಾಣಿ 14567.

ಕೊನೆಯದು, ಯಾರೂ ಮಾತಾಡಲು ಇಷ್ಟಪಡದ್ದು. ಒಂದು ನೋಟ್‌ಬುಕ್ ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಪುಟ. ಕೊನೇ ಹೊತ್ತಿಗೆ ಹತ್ತಿರ ಯಾರಿರಬೇಕು, ಆಸ್ಪತ್ರೆಗೆ ಒಯ್ಯಬೇಕಾ ಇಲ್ಲೇ ಇರಬೇಕಾ, ಗಂಗಾಜಲವೋ ಕಲಿಮಾವೋ ಪಾದ್ರಿಯೋ ಏನೂ ಬೇಡವೋ, ಸುಡುವುದಾ ಹೂಳುವುದಾ, ಯಾವ ಊರಲ್ಲಿ, ಕಣ್ಣು ದಾನಕ್ಕೆ ಮನಸ್ಸಿದೆಯಾ, ಮಧ್ಯರಾತ್ರಿ ಯಾರಿಗೆ ಫೋನ್ ಮಾಡಬೇಕು. ಕೇಳಿದರೆ ಬೇಜಾರಾಗುತ್ತಾರೆ ಅಂತ ನೀವು ಹೆದರುತ್ತೀರಿ. ಮಕ್ಕಳಿಲ್ಲದ ಹೆಂಗಸರಿಗೆ "ನನಗೆ ಬೆಂಕಿ ಕೊಡುವವರು ಯಾರು" ಎನ್ನುವ ಒಂದೇ ಚಿಂತೆ ವರ್ಷಗಟ್ಟಲೆ ಇರುತ್ತದೆ, ಯಾರಾದರೂ ಕೇಳಿದರಲ್ಲ ಅಂತ ಹಗುರಾಗುತ್ತಾರೆ. ಯಾರಾದರೂ ತೀರಿಕೊಂಡಾಗ ರಾತ್ರೋರಾತ್ರಿ ಹಿಂಬಾಗಿಲಿನಿಂದ ಸಾಗಿಸಿ, ಬೆಳಿಗ್ಗೆ "ಊರಿಗೆ ಹೋದರು" ಅನ್ನುವ ಅಭ್ಯಾಸ ಕೆಲವು ಕಡೆ ಇದೆ. ಯಾರೂ ನಂಬುವುದಿಲ್ಲ, ನನ್ನನ್ನೂ ಹೀಗೇ ಸಾಗಿಸುತ್ತಾರೆ ಅಂತ ಲೆಕ್ಕ ಹಾಕುತ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಿ. ನೋಡಬೇಕು ಅಂದವರಿಗೆ ನೋಡಲು ಬಿಡಿ.

ಆಯಾಗಳನ್ನೂ ಮರೆಯಬೇಡಿ. ಎರಡು ವರ್ಷ ತಲೆ ಬಾಚಿದ ಅಜ್ಜಿ ಹೋದ ಮಧ್ಯಾಹ್ನವೇ ಆ ಮಂಚಕ್ಕೆ ಹೊಸಬರನ್ನು ಹಾಕಿ, ಅದೇ ಆಯಾಗೆ ಹಾಸಿಗೆ ಹಾಸಲು ಹೇಳುತ್ತಾರೆ. ಅವತ್ತೊಂದು ದಿನ ಅವಳಿಗೆ ಬೇರೆ ಕೋಣೆ ಕೊಡಿ ಅಂತ ಮ್ಯಾನೇಜರಿಗೆ ಹೇಳಿ, ಬೇಕಿದ್ದರೆ ಮಣ್ಣಿಗೆ ಹೋಗಿ ಬರಲು ರಜೆ ಕೊಡಿಸಿ, ಸಂಬಳ ಕಡಿಯದೆ.